ಚಂದ್ರನ ಲೆಕ್ಕದ ಹಡಗು

ಶುಕ್ರವಾರ ಜುಮಾ ಮುಗಿಸಿ ಬಂದ ಕೂಡಲೇ ಅಬ್ದುಲ್ ಸಮದ್ ಗಲ್ಫಿನ ದಮಾಮಿನಿಂದ ಮನೆಗೆ ಫೋನ್ ಮಾಡುತ್ತಿದ್ದ. ಮೂಡಬಿದಿರೆಯಲ್ಲಿ ಆ ಹೊತ್ತಿಗೆ ಊಟವಾಗಿ, ತೊಳೆದ ಪಾತ್ರೆಗಳು ಬೋರಲು ಬಿದ್ದಿರುತ್ತಿದ್ದವು. ಅವನ ಹೆಂಡತಿ ಸೌದಾ ಫೋನಿನ ಪಕ್ಕದ ಸ್ಟೂಲಿನಲ್ಲಿ ಸಂಜೆಯ ಅಸರ್ ಬಾಂಗಿನವರೆಗೂ ಕುಳಿತಿರುತ್ತಿದ್ದಳು. ಎರಡು ಸಾವಿರದ ಮೂರನೆಯ ಇಸವಿಯ ಮಳೆಗಾಲ ಪೂರ್ತಿ ಅವರ ಮಾತು ಹೀಗೆಯೇ ಶುರುವಾಯಿತು.

“ಹಡಗಿನದ್ದು ಎಂತಾಯ್ತು?”

“ಇನ್ನೂ ಬರ್ಲಿಲ್ಲ.”

“ಯಾವಾಗ ಬರ್ತದಂತೆ?”

“ಬಂದಾಗ ಗೊತ್ತಾಗ್ತದಂತೆ.”

“ನಾನು ಇಲ್ಲಿ ರಜೆ ಬರೆದು ಕೊಡ್ಬೇಕಲ್ಲ ಮಾರಾಯ್ತಿ. ಮ್ಯಾನೇಜರ್ ದಿನ ಕೇಳ್ತಾನೆ.”

“ನಾನು ಎಂತ ಮಾಡ್ಲಿ? ಹಗ್ಗ ಕಟ್ಟಿ ಎಳೆದು ತರ್ಲಿಕ್ಕೆ ಆಗ್ತದಾ?”

ಬರಬೇಕಾದದ್ದು ಹಡಗಲ್ಲ, ಹಡಗು ಹೊರಡುವ ದಿನಗಳ ಪಟ್ಟಿ. ಕೊಚ್ಚಿಯಿಂದ ಹೊರಟು, ಐದು ದಿನ ಲಕ್ಷದ್ವೀಪ ಸುತ್ತಿಸಿ ಮತ್ತೆ ಕೊಚ್ಚಿಗೆ ತಂದು ಬಿಡುವ ಪ್ರವಾಸದ ಹಡಗು ಅದು. ಮಳೆಗಾಲದಲ್ಲಿ ಹೊರಡುವುದಿಲ್ಲ. ಮಳೆ ಕಳೆದ ಮೇಲೆ ಯಾವ ದಿನ ಹೊರಡುತ್ತದೆಂಬುದು ಮಳೆ ಕಳೆಯುತ್ತ ಬಂದ ಮೇಲೆಯೇ ತಿಳಿಯುವುದು. ಆದರೆ ದಮಾಮಿನ ಕಂಪೆನಿಯಲ್ಲಿ ಚಳಿಗಾಲದ ರಜೆಯನ್ನು ಮಳೆಗಾಲದಲ್ಲೇ ಬರೆದು ಕೊಡಬೇಕು. ಕಂಪೆನಿ ಕೈ ಬದಲಾದ ಮೇಲೆ ಎರಡು ತಿಂಗಳಿದ್ದ ರಜೆ ಮೂರು ವಾರಕ್ಕೆ ಇಳಿದಿತ್ತು. ಒಮ್ಮೆ ಬರೆದ ದಿನ ಆಮೇಲೆ ಅತ್ತಿತ್ತ ಆಗುವುದಿಲ್ಲ. ರಜೆ ನಿಂತದ್ದು ಹಡಗಿನ ಮೇಲೆ, ಹಡಗು ನಿಂತದ್ದು ಪಟ್ಟಿಯ ಮೇಲೆ, ಪಟ್ಟಿ ಎಲ್ಲಿ ನಿಂತಿದೆಯೋ ದೇವರಿಗೇ ಗೊತ್ತು. ಇವೆಲ್ಲದರ ನಡುವೆ ನಿಂತು ಸೌದಾಳ ಕಾಲು ಬಿದ್ದುಹೋಗಿತ್ತು.

ಸೌದಾ ನಾರಾವಿಯ ಹುಡುಗಿ. ಏಳನೆಯ ಕ್ಲಾಸಿನವರೆಗೆ ಓದಿ, ಹತ್ತೊಂಬತ್ತಕ್ಕೆ ಸಮದನನ್ನು ಮದುವೆಯಾಗಿ ಮೂಡಬಿದಿರೆಗೆ ಬಂದವಳು. ಮದುವೆಯಾದ ಮೂರನೆಯ ತಿಂಗಳಿಗೆ ಅವನು ಗಲ್ಫಿಗೆ ಹೋದ. ಆಮೇಲೆ ಬಾವಿ ತೋಡಿಸಿದ್ದು, ಮನೆಗೆ ಮಹಡಿ ಏರಿಸಿದ್ದು, ಮಕ್ಕಳನ್ನು ಶಾಲೆಗೆ ಸೇರಿಸಿದ್ದು, ಹಾವು ಬಂದರೆ ಓಡಿಸಿದ್ದು ಎಲ್ಲ ಅವಳೇ. ಅದಕ್ಕಾಗಿ ಅವಳು ಯಾರ ಹತ್ತಿರವೂ ಗೊಣಗಿದವಳಲ್ಲ. ಐದು ಹೊತ್ತಿನ ನಮಾಝಿನ ಮಧ್ಯೆ ಸಿಗುವ ಸಮಯವನ್ನು ಕೆಲಸಗಳಿಗೆ ಹಂಚಿ, ಉಳಿದದ್ದರಲ್ಲಿ ಗಂಡ ಬರುವ ದಿನವನ್ನು ಕಾಯುತ್ತಿದ್ದಳು.

ಅವಳಿಗೆ ತಡೆಯಲಾಗದಿದ್ದದ್ದು ಅವನು ಬಂದ ಮೇಲೆ ಆಗುವ ಕಥೆ. ಗಲ್ಫಿನವನ ರಜೆ ಗಲ್ಫಿನವನದ್ದಲ್ಲ, ಅದು ಕುಟುಂಬದ ಪಾಲು. ಎರಡು ವರ್ಷ ಎಲ್ಲರೂ ಎಲ್ಲವನ್ನೂ “ಸಮದ್ ಬಂದ ಮೇಲೆ ಮಾಡುವ” ಎಂದು ಕಟ್ಟಿಟ್ಟಿರುತ್ತಿದ್ದರು. ಅವನು ಹಗ್ಗ ಬಿಗಿದ ಪೆಟ್ಟಿಗೆಯೊಂದಿಗೆ ಮನೆಯೊಳಗೆ ಕಾಲಿಡುವುದೇ ತಡ, ಆ ಗಂಟುಗಳು ಒಂದೊಂದಾಗಿ ಬಿಚ್ಚುತ್ತಿದ್ದವು. ಒಂದು ರಜೆ ಅವನ ತಂಗಿಯ ಮದುವೆಗೆ ಹೋಯಿತು. ಒಂದು ರಜೆ ತಮ್ಮನ ಮನೆ ಕಟ್ಟಿಸುವುದಕ್ಕೆ. ಇನ್ನೊಂದು ಅವನ ತಾಯಿ ಬೀಯಮ್ಮನ ಕಣ್ಣಿನ ಆಪರೇಶನಿಗೆ. ಸಮದನಾದರೋ ಯಾರು ಏನು ಕೇಳಿದರೂ “ಆಯ್ತು” ಎನ್ನುವ ಮನುಷ್ಯ. ಇಪ್ಪತ್ತು ವರ್ಷದಲ್ಲಿ ಗಂಡ ಹೆಂಡತಿ ಮಕ್ಕಳು ಅಂತ ಐದು ಜನ ಕಾರ್ಕಳದವರೆಗೂ ಒಟ್ಟಿಗೆ ಹೋಗಿ ಬಂದದ್ದಿಲ್ಲ.

ಈಗ ದೊಡ್ಡ ಮಗಳು ಹಸ್ನಾಳಿಗೆ ಬೆಳ್ತಂಗಡಿಯ ಕಡೆಯಿಂದ ಒಳ್ಳೆಯ ಸಂಬಂಧ ಬಂದಿತ್ತು. ಹುಡುಗನ ಮನೆಯವರಿಗೆ ಅವಸರವಿರಲಿಲ್ಲ. ಈ ರಜೆಯಲ್ಲಿ ನಿಶ್ಚಯ, ಮುಂದಿನ ರಜೆಯಲ್ಲಿ ಮದುವೆ. ಹಾಗಾದರೆ ಹಸ್ನಾ ತಮ್ಮವಳಾಗಿಯೇ ಇರುವ ಕೊನೆಯ ರಜೆ ಇದು ಎಂದು ಒಂದು ದಿನ ಬಟ್ಟೆ ಹಿಂಡುತ್ತಿರುವಾಗ ಸೌದಾಳಿಗೆ ಹೊಳೆಯಿತು. ಹಿಂಡಿದ ಬಟ್ಟೆಯನ್ನೇ ಮತ್ತೆ ಮತ್ತೆ ಹಿಂಡುತ್ತ ನಿಂತಳು.

ಹಡಗಿನ ವಿಷಯ ಅವಳ ತಲೆಗೆ ಹಾಕಿದವರು ಪಕ್ಕದ ಮನೆಯ ಪರಮೇಶ್ವರಿ. ಗಂಡ ನಾರಾಯಣಮೂರ್ತಿ ಮಾಷ್ಟ್ರು ನಿವೃತ್ತರಾದ ಮೇಲೆ, ಹಿಂದಿನ ಡಿಸೆಂಬರಿನಲ್ಲಿ ಇಬ್ಬರೂ ಲಕ್ಷದ್ವೀಪಕ್ಕೆ ಹೋಗಿ ಬಂದಿದ್ದರು. ನೀರಿನ ಬಣ್ಣ, ಮೀನಿನ ಬಣ್ಣ, ವಾಂತಿ ಬಂದದ್ದು, ನಿಂತದ್ದು ಎಲ್ಲವನ್ನೂ ಪರಮೇಶ್ವರಿ ಬೇಲಿಯ ಬಳಿ ನಿಂತು ವಿವರಿಸಿದ್ದರು. ಸೌದಾಳ ಮನಸ್ಸಿಗೆ ಹೊಕ್ಕದ್ದು ಅದ್ಯಾವುದೂ ಅಲ್ಲ, ಕೊನೆಯ ಒಂದು ಮಾತು.

“ಐದು ದಿನ ಒಬ್ಬರು ಬಾಗಿಲು ತಟ್ಟಲಿಲ್ಲ ನೋಡು ಸೌದಾ. ಫೋನಿಲ್ಲ, ನೆಂಟರಿಲ್ಲ. ಸುತ್ತ ನೀರು. ಯಾರಾದ್ರೂ ಬರ್ಬೇಕಂದ್ರೆ ಈಜಿಕೊಂಡೇ ಬರ್ಬೇಕು.”

ಸೌದಾ ಅವತ್ತೇ ನಿಶ್ಚಯಿಸಿದಳು. ಬೀಯಮ್ಮನ ಕುಟುಂಬದಲ್ಲಿ ಈಜು ಬರುವವರು ಒಬ್ಬರೂ ಇರಲಿಲ್ಲ.

ಅವಳು ಮಾಡಿದ ತಪ್ಪು ಎಂದರೆ ಅಣ್ಣನ ಕಿವಿಗೆ ಹಾಕಿದ್ದು. ಅಣ್ಣ ಹನೀಫಾನಿಗೆ ಬಂಟ್ವಾಳದಲ್ಲಿ ಚಪ್ಪಲಿ ಅಂಗಡಿ. ವ್ಯಾಪಾರವನ್ನು ಹೆಂಡತಿಯ ತಮ್ಮನಿಗೆ ಬಿಟ್ಟು, ಊರವರ ಪ್ರಯಾಣಗಳಿಗೆ ತಯಾರಿ ಮಾಡಿಕೊಡುವುದೇ ಅವನಿಗೆ ಇಷ್ಟದ ಕೆಲಸ. ಯಾವ ರೈಲು ಎಲ್ಲಿ ನಿಲ್ಲುತ್ತದೆ, ಯಾವ ಊರಿನಲ್ಲಿ ಹಲಾಲ್ ಊಟ ಸಿಗುತ್ತದೆ ಎಲ್ಲ ಅವನಿಗೆ ಬಾಯಿಪಾಠ. ಅವನು ಸ್ವತಃ ಮಂಗಳೂರಿನಿಂದ ಆಚೆ ಹೋದದ್ದು ಎರಡೇ ಸಲ. ತಂಗಿಯ ಮಾತು ಮುಗಿಯುವ ಮೊದಲೇ ಅವನು ಮೂಡಬಿದಿರೆಯ ಬಸ್ಸು ಹತ್ತಿ ಬಂದು ಕೂತ.

“ಪಟ್ಟಿ ಬರುವವರೆಗೆ ಕಾಯುವವರು ದಡದಲ್ಲೇ ಇರ್ತಾರೆ,” ಎಂದ. “ನಾವು ಮೊದಲೇ ತಯಾರಾಗಿರ್ಬೇಕು. ಮಾಷ್ಟ್ರು ಹೋದ ವರ್ಷ ಹೋದದ್ದು ಪೆರ್ನಾಲ್ ಕಳೆದು ಎಷ್ಟನೇ ದಿನಕ್ಕೆ?”

ಪೆರ್ನಾಲ್ ಎಂದರೆ ರಂಝಾನಿನ ಉಪವಾಸ ಮುಗಿದ ಮೇಲಿನ ಹಬ್ಬ. ಸೌದಾ ನೆನಪು ಮಾಡಿಕೊಂಡಳು. “ಒಂದು ಹತ್ತು ದಿನ ಆಗಿತ್ತು. ಪರಮೇಶ್ವರಿಯಕ್ಕನಿಗೆ ತುಪ್ಪದನ್ನ ಕೊಡ್ಲಿಕ್ಕೆ ಹೋದಾಗ ಅವರು ಪೆಟ್ಟಿಗೆ ತುಂಬಿಸ್ತಿದ್ರು.”

“ಮುಗೀತಲ್ಲ. ಈ ವರ್ಷ ಪೆರ್ನಾಲ್ ಹತ್ತು ಹನ್ನೊಂದು ದಿನ ಮೊದಲು ಬರ್ತದೆ. ಹಡಗೂ ಅಷ್ಟೇ ಮೊದಲು ಹೊರಡ್ತದೆ. ಡಿಸೆಂಬರ್ ಐದೋ ಆರೋ. ಬರೆದಿಟ್ಟುಕೋ.”

“ಹಡಗಿಗೂ ಪೆರ್ನಾಲಿಗೂ ಎಂತ ಸಂಬಂಧ ಕಾಕ?” ಎಂದು ಅಣ್ಣನನ್ನು ಕೇಳಿದಳು.

“ದ್ವೀಪದವರು ಯಾರು? ನಮ್ಮವರೇ. ಹಡಗಿನಲ್ಲಿ ಕೆಲಸ ಮಾಡುವವರು ಯಾರು? ದ್ವೀಪದವರೇ. ಹಬ್ಬ ಮುಗಿಯದೆ ಅವರು ಹಡಗು ಬಿಡ್ತಾರಾ? ಹಬ್ಬ ಮುಗಿದ ಮೇಲೆ ಸುಮ್ಮನೆ ಕೂರ್ತಾರಾ? ಅದು ಚಂದ್ರನ ಲೆಕ್ಕದ ಹಡಗು, ಗೊತ್ತುಂಟಾ.”

“ಆ ದಿನ ಮಕ್ಕಳಿಗೆ ಶಾಲೆ ಉಂಟಲ್ಲ. ಹೋದ ವರ್ಷ ಹಡಗು ತುಂಬ ಮಕ್ಕಳೇ ಇದ್ರಂತೆ.”

“ಯಾರ ಮಕ್ಕಳೋ ಎಂತದೋ. ನಾಲ್ಕು ದಿನ ಶಾಲೆ ತಪ್ಪಿದ್ರೆ ನಿನ್ನ ಮಗ ಫಾಝಿಲ್ ಏನು ಕಲೆಕ್ಟರ್ ಆಗುವುದು ತಪ್ಪಿಹೋಗ್ತದಾ?”

ಮಾತು ಕೇಳಲು ಚೆನ್ನಾಗಿತ್ತು. ಅದಲ್ಲದೆ ಸೌದಾ ಹುಟ್ಟಿದಾಗಿನಿಂದ ಅವಳ ಮನೆಯಲ್ಲಿ ಮದುವೆಯೋ ಮನೆ ಒಕ್ಕಲೋ ಗಲ್ಫಿನಿಂದ ಬರುವುದೋ ಹೋಗುವುದೋ ಎಲ್ಲವನ್ನೂ ಪೆರ್ನಾಲಿನಿಂದ ಹಿಂದೆ ಮುಂದೆ ಎಣಿಸಿಯೇ ಗೊತ್ತು. ಹಡಗು ಮಾತ್ರ ಬೇರೆ ಹೇಗೆ ಎಣಿಸೀತು? ಮುಂದಿನ ಶುಕ್ರವಾರ ಅವಳು ಫೋನಿನಲ್ಲಿ, “ಪೆರ್ನಾಲಿನ ಮುಂಚಿನ ದಿನದಿಂದ ಮೂರು ವಾರ ಬರೆದು ಕೊಡಿ. ಇನ್ಶಾ ಅಲ್ಲಾಹ್ ಹಡಗು ಅದರೊಳಗೇ ಬರ್ತದೆ,” ಎಂದಳು. ಸಮದ್ ಎಂದಿನಂತೆ “ಆಯ್ತು” ಎಂದ. ರಜೆ ಮಂಜೂರಾಯಿತು. ಡಿಸೆಂಬರ್ ಹದಿನೈದಕ್ಕೆ ಹಿಂದೆ ಹೋಗುವ ವಿಮಾನದ ಟಿಕೆಟೂ ಆಯಿತು.

ಇಷ್ಟಾದ ಮೇಲೆ ಜನ ಕೂಡತೊಡಗಿದರು. ಇಷ್ಟು ತಯಾರಿ ಮಾಡಿದವನು ಬರದಿದ್ದರೆ ಹೇಗೆ ಎಂದು ಹನೀಫಾ ಹೆಂಡತಿ ಮಕ್ಕಳ ಸಮೇತ ಸೇರಿಕೊಂಡ. ಮೊದಲು “ನೀರು ನೋಡ್ಲಿಕ್ಕೆ ಅಷ್ಟು ದೂರ ಯಾಕೆ, ಬಾವಿಯಲ್ಲಿ ಇಲ್ವಾ?” ಎಂದಿದ್ದ ಬೀಯಮ್ಮ, ಸೊಸೆಯ ಅಣ್ಣನ ಮನೆಯವರು ಹೊರಟಿದ್ದಾರೆಂದು ಕೇಳಿ, “ನನ್ನ ಮಗನ ಹಡಗಿಗೆ ನಾನಿಲ್ವಾ?” ಎಂದು ಬೆಳ್ತಂಗಡಿಯ ಕಿರಿಯ ಮಗನ ಮನೆಯಿಂದ ಹೇಳಿ ಕಳಿಸಿದರು. ಐದು ಜನರ ಪ್ರವಾಸ ಹನ್ನೊಂದು ಜನರದ್ದಾಯಿತು. ನೆಂಟರಿಂದ ದೂರ ಹೋಗಲು ಹೊರಟವಳು ನೆಂಟರನ್ನೇ ಹಡಗಿಗೆ ತುಂಬಿಸುತ್ತಿದ್ದಳು.

ದ್ವೀಪಕ್ಕೆ ಹೋಗಲು ಅವರವರ ಊರಿನ ಪೊಲೀಸ್ ಠಾಣೆಯಿಂದ ಕಾಗದ ಬೇಕು. ಹನೀಫಾನ ಮನೆಯವರದ್ದು ಬಂಟ್ವಾಳದಲ್ಲಿ, ಬೀಯಮ್ಮನದ್ದು ಬೆಳ್ತಂಗಡಿಯಲ್ಲಿ, ಸೌದಾಳ ಮನೆಯದ್ದು ಮೂಡಬಿದಿರೆಯಲ್ಲಿ. ಪಟ್ಟಿ ಬಂದ ದಿನವೇ ಕಾಗದ ಕೈಯಲ್ಲಿರಬೇಕೆಂದು ಹನೀಫಾನ ಹಟ. ಮೂಡಬಿದಿರೆಯ ಠಾಣೆಯಲ್ಲಿ ಬರೆದುಕೊಳ್ಳುವವರು ಕನ್ನಡಕದ ಮೇಲಿಂದ ನೋಡಿದರು.

“ಹೋಗುವ ದಿನ?”

“ಅದು ಇನ್ನೂ ಗೊತ್ತಾಗ್ಲಿಲ್ಲ ಸರ್.”

“ಹೋಗುವುದು ಗ್ಯಾರಂಟಿಯಾ?”

“ದಿನ ಗೊತ್ತಾದ್ರೆ ಗ್ಯಾರಂಟಿ.”

“ಹಾಗಾದ್ರೆ ದಿನ ಗೊತ್ತಾದ ಮೇಲೆ ಬನ್ನಿ ಅಮ್ಮ. ನಾವೂ ಇಲ್ಲೇ ಇರ್ತೇವೆ, ಸಮುದ್ರವೂ ಅಲ್ಲೇ ಇರ್ತದೆ.”

ಮನೆಗೆ ಬಂದು ಅಣ್ಣನಿಗೆ ಫೋನ್ ಮಾಡಿದರೆ, “ಡಿಸೆಂಬರ್ ಐದು ಅಂತ ಹೇಳ್ಬೇಕಿತ್ತು. ನಾನು ಹಾಗೇ ಹೇಳಿದೆ, ಕಾಗದ ಸಿಕ್ಕಿತು,” ಎಂದ. ಸೌದಾ ಮತ್ತೊಮ್ಮೆ ಹೋದಳು. ಕಾಗದ ಸಿಕ್ಕಿತು. ಹನೀಫಾ ಅಷ್ಟಕ್ಕೇ ನಿಲ್ಲದೆ, ಮಂಗಳೂರಿಗೆ ಹೋಗಿ ಹನ್ನೊಂದು ಜನರಿಗೆ ಕೊಚ್ಚಿ ಸೇರಲು ಎರ್ನಾಕುಳಂ ರೈಲಿನ ಟಿಕೆಟೂ ತೆಗೆದಿಟ್ಟ.

ರಂಝಾನ್ ಶುರುವಾದ ವಾರದಲ್ಲಿ ಪಟ್ಟಿ ಬಂತು. ಕೊಚ್ಚಿಯ ಆಫೀಸಿಗೆ ಫೋನ್ ಹಚ್ಚಿದವಳು ಸೌದಾಳೇ. ಅವಳ ಬ್ಯಾರಿ ಮಾತಿಗೂ ಅಲ್ಲಿಯವರ ಮಲಯಾಳಕ್ಕೂ ಅರ್ಧ ನೆಂಟಸ್ತಿಕೆ ಇರುವುದರಿಂದ ಮಾತು ಸಾಗಿತು. ಆಚೆಯವನು ಸಮಾಧಾನದಿಂದ ಓದಿ ಹೇಳಿದ. ಡಿಸೆಂಬರಿನ ಪ್ರವಾಸ ಹದಿನೇಳಕ್ಕೆ.

“ಅದಕ್ಕೆ ಮೊದಲು?”

“ಮೊದಲು ಇಲ್ಲ.”

“ಪೆರ್ನಾಲ್ ಕಳೆದ ಕೂಡಲೇ ಒಂದು ಇಲ್ವಾ? ಹೋದ ವರ್ಷ ಇತ್ತಲ್ಲ?”

“ಹೋದ ವರ್ಷ ಪೆರ್ನಾಲ್ ಕ್ರಿಸ್ಮಸ್ ರಜೆಯ ಹತ್ತಿರ ಬಂದಿತ್ತಲ್ಲ ಅಕ್ಕ. ಇದು ರಜೆಯ ಹಡಗು. ಶಾಲೆ ಬಿಡದೆ ಪ್ರವಾಸಕ್ಕೆ ಯಾರು ಬರ್ತಾರೆ?”

ಹದಿನೈದಕ್ಕೆ ಸಮದನ ವಿಮಾನ. ಹದಿನೇಳಕ್ಕೆ ಹಡಗು. ಸೌದಾ ಫೋನಿಟ್ಟಳು. ಮತ್ತೆ ಎತ್ತಿ ಬಂಟ್ವಾಳಕ್ಕೆ ಹಚ್ಚಿದಳು. ಹನೀಫಾ ಎಲ್ಲವನ್ನೂ ಕೇಳಿ, “ಚಂದ್ರನ ಲೆಕ್ಕ ಸರಿಯೇ ಉಂಟು. ತಪ್ಪಿದ್ದು ಹಡಗಿನವರು,” ಎಂದ.

“ಕಾಕ,” ಎಂದಳು ಸೌದಾ. “ನಾನು ನೋಂಬಿನಲ್ಲಿದ್ದೇನೆ. ಬಾಯಿ ಹಾಳು ಮಾಡ್ಲಿಕ್ಕೆ ಇಷ್ಟ ಇಲ್ಲ. ಸಂಜೆ ಮಗ್ರಿಬ್ ಆಗಿ ನೋಂಬು ಬಿಟ್ಟ ಮೇಲೆ ಫೋನ್ ಮಾಡು.”

ಹನೀಫಾ ಬುದ್ಧಿವಂತ. ಮಗ್ರಿಬ್ ಆದ ಮೇಲೆ ಅವನು ಫೋನ್ ಮಾಡಲಿಲ್ಲ. ಮರುದಿನ ಉಪವಾಸದ ಹೊತ್ತಿನಲ್ಲೇ ಮಾಡಿದ. “ನೋಡು, ನಮ್ಮ ಪೊಲೀಸ್ ಕಾಗದ ಹೇಗೂ ಉಂಟು. ಅದನ್ನು ವ್ಯರ್ಥ ಮಾಡುವುದು ಬೇಡ. ತಾರೀಕು ತಿದ್ದಿಸಿ ಹದಿನೇಳಕ್ಕೆ ನಾವು ಹೋಗಿ ಬರ್ತೇವೆ ಆಗದಾ? ನಿಮ್ಮ ಪರವಾಗಿಯೂ ನೋಡಿಕೊಂಡು ಬರ್ತೇವೆ.”

ಸೌದಾ ಫೋನಿಟ್ಟಳು. ಆ ದಿನದ ಅಸರ್ ನಮಾಝಿನಲ್ಲಿ ಅವಳಿಗೆ ಎಷ್ಟನೆಯ ರಕಾತಿನ ಸುತ್ತಿನಲ್ಲಿದ್ದೇನೆಂದು ಮರೆತುಹೋಗಿ, ಮೊದಲಿನಿಂದ ಶುರು ಮಾಡಬೇಕಾಯಿತು. ದೇವರ ಮುಂದೆಯೂ ಅಣ್ಣನ ಹಡಗು ಬಂದು ನಿಂತಿತಲ್ಲ ಎಂದು ಅದಕ್ಕೂ ಸಿಟ್ಟು ಬಂತು.

ಸಮದ್ ರಜೆ ಬದಲಿಸಲು ಕೇಳಿ ನೋಡಿದ. ಆಗಲಿಲ್ಲ. ಪೆರ್ನಾಲಿನ ಹಿಂದಿನ ದಿನ ಪೆಟ್ಟಿಗೆಯೊಂದಿಗೆ ಬಂದಿಳಿದ. ಹಬ್ಬದ ಮರುದಿನವೇ ಬೀಯಮ್ಮ ಬೆಳ್ತಂಗಡಿಯಿಂದ ಬಂದರು. ತುಪ್ಪದನ್ನ ಉಂಡು, ಎಲೆ ಅಡಿಕೆ ಹಾಕಿಕೊಂಡು, ಗೋಡೆಗೆ ಒರಗಿ ಕಾಲು ಚಾಚಿದರು.

“ಹಡಗು ಇಲ್ಲ ಅಂತಾಯ್ತಲ್ಲ,” ಎಂದರು. “ಒಳ್ಳೇದೇ ಆಯ್ತು. ನನಗೆ ಮೊದಲೇ ಮನಸ್ಸಿರ್ಲಿಲ್ಲ. ಹಾಗಾದ್ರೆ ಆ ಐದು ದಿನ ಖಾಲಿ ಉಂಟು. ಹಸ್ನಾನ ನಿಶ್ಚಯ ಅದರಲ್ಲೇ ಇಟ್ಟುಕೊಳ್ಳುವ. ಮತ್ತೆ ತಮ್ಮನ ಮನೆಯ ಮಾಡು ಸೋರ್ತದೆ, ನೀನು ಒಮ್ಮೆ ಬಂದು ನೋಡ್ಬೇಕು. ಮಾಣಿ ಊರಿನ ನಮ್ಮ ನೆಂಟರ ಹುಡುಗ ಅಬ್ದುಲ್ಲನ ಮದುವೆ ಕೂಡ ಹತ್ತಿರ ಬಂತು. ಹಿರಿಯ ಅಂತ ನೀನೇ ಇರುವುದು.”

“ಆಯ್ತು ಉಮ್ಮ,” ಎಂದ ಸಮದ್.

ಸೌದಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಪಕ್ಕದಲ್ಲಿ ಹಸ್ನಾ ತಟ್ಟೆಗಳನ್ನು ಎತ್ತಿಕೊಂಡು ತಲೆ ತಗ್ಗಿಸಿದ್ದಳು.

“ಆ ದಿನಗಳು ಖಾಲಿ ಇಲ್ಲ ಮಾಮಿ,” ಎಂದಳು ಸೌದಾ.

ಬೀಯಮ್ಮ ಎಲೆ ಜಗಿಯುವುದನ್ನು ನಿಲ್ಲಿಸಿದರು. “ಹಡಗೇ ಇಲ್ವಲ್ಲ?”

“ಹಡಗಿಲ್ಲ. ದಿನ ಉಂಟಲ್ಲ. ರೈಲಿನ ಟಿಕೆಟ್ ಉಂಟು. ನಾವು ಐದು ಜನ ಹೋಗ್ತೇವೆ. ನಿಶ್ಚಯ ಬಂದ ಮೇಲೆ ಇಟ್ಟುಕೊಳ್ಳುವ, ಇವರು ಹೋಗುವ ಹಿಂದಿನ ಭಾನುವಾರ. ತುಪ್ಪದನ್ನ ನಾನೇ ಮಾಡ್ತೇನೆ, ನಿಮಗೆ ಒಂದು ಲೋಟ ನೀರು ಎತ್ತುವ ಕೆಲಸವೂ ಇಲ್ಲ.”

“ಹೋಗಿ ಎಂತ ಮಾಡ್ತೀರಿ ಅಲ್ಲಿ?”

“ಗೊತ್ತಿಲ್ಲ. ಹೋದ ಮೇಲೆ ನೋಡುವ.”

ಇಷ್ಟು ವರ್ಷದಲ್ಲಿ ಸೌದಾ ಗೊತ್ತಿಲ್ಲದ ಕೆಲಸಕ್ಕೆ ಹೊರಟದ್ದನ್ನು ಬೀಯಮ್ಮ ಕಂಡಿರಲಿಲ್ಲ. ಅವರು ಮಗನ ಮುಖ ನೋಡಿದರು. ಮಗ ಹೆಂಡತಿಯ ಮುಖ ನೋಡಿದ. ಆಮೇಲೆ ತನಗೆ ಗೊತ್ತಿದ್ದ ಒಂದೇ ಉತ್ತರ ಕೊಟ್ಟ. “ಆಯ್ತು,” ಎಂದ. ತಾಯಿಯ ಎದುರಿನಲ್ಲಿ ಆ ಮಾತು ಮೊದಲ ಸಲ ಸೌದಾಳ ಪಾಲಿಗೆ ಬಂದಿತ್ತು.

ಕೊಚ್ಚಿಯಲ್ಲಿ ಬೋಟು ಜೆಟ್ಟಿಯ ಹತ್ತಿರ ಒಂದು ಲಾಡ್ಜಿನಲ್ಲಿ ಇಳಿದರು. ಬೆಳಿಗ್ಗೆ ಪುಟ್ಟು ಕಡಲೆ ತಿಂದ ಮೇಲೆ ಏನು ಮಾಡುವುದೆಂದು ಯಾರಿಗೂ ತೋಚಲಿಲ್ಲ. ಜೆಟ್ಟಿಯಲ್ಲಿ ಮಟ್ಟಾಂಚೇರಿಗೆ ಹೋಗುವ ದೋಣಿ ನಿಂತಿತ್ತು. ಕೆಲಸಕ್ಕೆ ಹೋಗುವವರು, ಮೀನಿನ ಬುಟ್ಟಿಯವರು, ಸೈಕಲ್ಲಿನವರು ಹತ್ತುವ ದಿನನಿತ್ಯದ ದೋಣಿ. “ಇದರಲ್ಲಿ ಹೋಗುವ,” ಎಂದಳು ಸಣ್ಣ ಮಗಳು ಶಬ್ನಾ. ಹೋದರು. ಮಟ್ಟಾಂಚೇರಿ ಬಂದಾಗ ಫಾಝಿಲ್ ಏಳದೆ ಕುಳಿತ. ಅವನು ಏಳಲಿಲ್ಲವೆಂದು ಬೇರೆಯವರೂ ಏಳಲಿಲ್ಲ. ಅದೇ ದೋಣಿಯಲ್ಲಿ ಹಿಂದೆ ಬಂದರು. ಮತ್ತೆ ಟಿಕೆಟು ತೆಗೆದು ಮತ್ತೆ ಹೊರಟರು. ಎರಡನೆಯ ದಿನವೂ ಅದನ್ನೇ ಮಾಡಿದರು.

ದೋಣಿ ಬಂದರಿನ ಪಕ್ಕದಲ್ಲಿ ಹಾದು ಹೋಗುವಾಗ ದೊಡ್ಡ ಬಿಳಿಯ ಹಡಗೊಂದು ಕಟ್ಟಿ ನಿಲ್ಲಿಸಿದ್ದು ಕಾಣುತ್ತಿತ್ತು. ಹಗ್ಗದಲ್ಲಿ ನೇತಾಡುತ್ತ ಇಬ್ಬರು ಅದಕ್ಕೆ ಬಣ್ಣ ಬಳಿಯುತ್ತಿದ್ದರು. “ನಿನ್ನ ಕಾಕನಿಗೆ ಬೇಕಾಗಿ ತಯಾರು ಮಾಡ್ತಿದ್ದಾರೆ,” ಎಂದ ಸಮದ್. ಸೌದಾಳಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಹಸ್ನಾ ಅಪ್ಪನ ಭುಜಕ್ಕೆ ತಲೆ ಕೊಟ್ಟು ಕುಳಿತಿದ್ದಳು. ಸಮದ್ ಅವಳಿಗೆ ದಮಾಮಿನ ತನ್ನ ಕೋಣೆಯ ಕಿಟಕಿಯಿಂದ ಏನೇನು ಕಾಣುತ್ತದೆಂದು ಹೇಳುತ್ತಿದ್ದ. ಸೌದಾಳಿಗೆ ಕೂಡ ಅದು ಈವರೆಗೆ ಗೊತ್ತಿರಲಿಲ್ಲ. ಅವಳು ಸೆರಗು ಗಾಳಿಗೆ ಹಾರದಂತೆ ಹಿಡಿದುಕೊಂಡು ಕೇಳುತ್ತ ಕುಳಿತಳು.

ಆಗ ಹಿಂದಿನ ಬೆಂಚಿನಿಂದ ಯಾರೋ ಎದ್ದು ಬಂದರು.

“ಅಲ್ಲಾ, ಇದು ನಮ್ಮ ಸಮದಾಕ ಅಲ್ವಾ?”

ಮಾಣಿಯ ಅಬ್ದುಲ್ಲ. ಹಿರಿಯನಾಗಿ ಸಮದ್ ನಿಲ್ಲಬೇಕೆಂದು ಬೀಯಮ್ಮ ಹೇಳಿದ್ದು ಇವನ ಮದುವೆಗೇ. ಮದುವೆಯ ಬಟ್ಟೆ ತೆಗೆಯಲು ಇಲ್ಲಿಯವರೆಗೆ ಬಂದಿದ್ದನಂತೆ.

“ದೇವರೇ ನಿಮ್ಮನ್ನು ಕಳಿಸಿದ್ದು,” ಎಂದ ಅಬ್ದುಲ್ಲ. “ನನಗೆ ಬಟ್ಟೆ ಗೊತ್ತಾಗುವುದಿಲ್ಲ. ಹಿರಿಯರು ಒಬ್ಬರು ಜೊತೆಗಿದ್ರೆ ಅಂಗಡಿಯವನೂ ಮರ್ಯಾದೆಯಲ್ಲಿ ಮಾತಾಡ್ತಾನೆ. ಒಂದು ಗಂಟೆ ಸಮದಾಕ, ಜಾಸ್ತಿ ಇಲ್ಲ. ಮಟ್ಟಾಂಚೇರಿಯಲ್ಲಿ ಇಳಿಯುವ, ಬನ್ನಿ.”

ಸಮದನ ಬಾಯಿ “ಆ” ಎಂದು ತೆರೆದದ್ದನ್ನು ಸೌದಾ ಕಂಡಳು. ಅವನು ಅರ್ಧ ಎದ್ದೂ ಆಗಿತ್ತು. ಅವಳು ಕಿತ್ತಳೆ ಹಣ್ಣಿನ ಚೀಲವನ್ನು ತೆಗೆದು ಅವನ ತೊಡೆಯ ಮೇಲೆ ಇಟ್ಟಳು. ಅವನು ಕುಳಿತ.

“ಅಬ್ದುಲ್ಲ, ಇವರು ಈಗ ಹಡಗಿನಲ್ಲಿದ್ದಾರೆ,” ಎಂದಳು. “ಹಡಗು ಇಳಿದ ಮೇಲೆ ಕೇಳು.”

ಅಬ್ದುಲ್ಲ ಸುತ್ತ ನೋಡಿದ. ಮೀನಿನ ಬುಟ್ಟಿ, ಸೈಕಲ್ಲು, ತೂಕಡಿಸುವ ಮುದುಕ. “ಇದು ಮಟ್ಟಾಂಚೇರಿ ದೋಣಿ ಅಲ್ವಾ ಸೌದಾಮಾಮಿ?”

“ನಿನಗೆ ದೋಣಿಯೇ. ನೀನು ಇಳಿಯುವವನು.”

“ಹಡಗು ಯಾವಾಗ ಇಳಿಯುವುದು?”

“ಪಟ್ಟಿ ಇನ್ನೂ ಬರ್ಲಿಲ್ಲ,” ಎಂದಳು ಹಸ್ನಾ, ಅಪ್ಪನ ಭುಜದಿಂದ ತಲೆ ಎತ್ತದೆ.

ದೋಣಿ ಜೆಟ್ಟಿಗೆ ತಾಗಿತು. ಅಬ್ದುಲ್ಲ ಇಳಿದು, ದಡದಲ್ಲಿ ನಿಂತು, ಅವರೂ ಇಳಿದಾರೆಂದು ಸ್ವಲ್ಪ ಹೊತ್ತು ಕಾದ. ಫಾಝಿಲ್ ಎದ್ದು ಹೋಗಿ ಮತ್ತೆ ಐದು ಟಿಕೆಟು ತಂದ. ಸೌದಾ ಕಿತ್ತಳೆ ಸುಲಿಯತೊಡಗಿದಳು.